‘ಡು’ ಬಂದರೆ ‘ವೆಂಟ್’ ಯಾಕೆ ನಿಲ್ಲುವುದಿಲ್ಲ?

ಕೇಳುಗರೆಲ್ಲರಿಗೂ ನಮಸ್ಕಾರ. ಇಂಗ್ಲಿಷಿನ ‘ಡು’ ಎಂಬ ಪುಟ್ಟ ಕ್ರಿಯಾಪದದ ಬಗ್ಗೆ ಇವತ್ತು ಮಾತಾಡೋಣ. ‘ಡು ಯುವರ್ ವರ್ಕ್’ ಎಂದರೆ ನಿನ್ನ ಕೆಲಸ ಮಾಡು. ಇದು ಎಲ್ಲರಿಗೂ ಗೊತ್ತು. ಆದರೆ ‘ಡು ಯು ನೋ?’ ಎನ್ನುವಾಗ ಯಾರೂ ಏನನ್ನೂ ಮಾಡುತ್ತಿಲ್ಲ. ಅಲ್ಲಿ ಅದಕ್ಕೆ ಸ್ವಂತ ಅರ್ಥವಿಲ್ಲ, ಪ್ರಶ್ನೆ ಕಟ್ಟಿಕೊಡುವ ಕೆಲಸವಷ್ಟೇ.

ಇಂಗ್ಲಿಷ್ ಮೊದಲಿನಿಂದಲೂ ಹೀಗಿರಲಿಲ್ಲ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಶಿಲುಬೆಯ ಮೇಲಿನ ಯೇಸು ಆಡುವ ಮಾತು ನೋಡಿ: ‘ದೇ ನೋ ನಾಟ್ ವಾಟ್ ದೇ ಡು’. ತಾವೇನು ಮಾಡುತ್ತಿದ್ದೇವೆಂದು ಇವರು ಅರಿಯರು. ಇಲ್ಲಿನ ‘ಡು’ ಅಪ್ಪಟ ‘ಮಾಡು’. ‘ಅರಿಯರು’ ಎನ್ನಲು ಅದರ ನೆರವು ಬೇಕಾಗಿಲ್ಲ. ಇವತ್ತಾದರೆ ‘ದೇ ಡು ನಾಟ್ ನೋ’ ಎನ್ನಬೇಕು.

ನಮ್ಮ ಮಕ್ಕಳು ಎಡವುವುದು ‘ಡಿಡ್’ ಬಂದಾಗ. ‘ಐ ಡಿಡ್ ನಾಟ್ ವೆಂಟ್’ ಎಂದು ಬರೆದ ಮಗುವಿಗೆ ಕೆಂಪು ಶಾಯಿಯ ಗೆರೆ ಎಳೆದರೆ ಸಾಲದು, ಕಾರಣ ಹೇಳಬೇಕು. ಅದನ್ನು ಹೇಳಲು ಕನ್ನಡವೇ ಸಾಕು. ‘ಹೋದೆ’ ಎಂಬುದನ್ನು ಅಲ್ಲಗಳೆಯುವಾಗ ನಾವು ‘ಹೋದಲಿಲ್ಲ’ ಎನ್ನುತ್ತೇವೆಯೇ? ಎಂದೂ ಇಲ್ಲ. ‘ಹೋಗಲಿಲ್ಲ’ ಎನ್ನುತ್ತೇವೆ. ‘ಹೋದ’ ಅಳಿದು ‘ಹೋಗು’ ಮರಳಿತು. ಆಗಿಹೋದ ಕಾಲವನ್ನು ‘ಲಿಲ್ಲ’ ಹೊತ್ತುಕೊಂಡಿತು. ನಾನು, ಅವಳು, ಅವರು, ಯಾರೇ ಇರಲಿ, ಹೋಗಲಿಲ್ಲ. ‘ಡಿಡ್ ನಾಟ್ ಗೋ’ ಮಾಡುವುದೂ ಇದನ್ನೇ. ‘ಡಿಡ್’ ಕಾಲವನ್ನು ಹೊತ್ತ ಮೇಲೆ ‘ವೆಂಟ್’ ಮರಳಿ ‘ಗೋ’ ಆಗಲೇಬೇಕು. ‘ಷಿ ಗೋಸ್’ ಎಂಬಲ್ಲಿನ ಕೊನೆಯ ಸಕಾರವೂ ‘ಷಿ ಡಸ್ ನಾಟ್ ಗೋ’ ಎನ್ನುವಾಗ ‘ಡಸ್’ಗೆ ದಾಟುತ್ತದೆ.

ಪ್ರಶ್ನೆಯಲ್ಲಿ ಮಾತ್ರ ಕನ್ನಡದ ಈ ಆಸರೆ ಸಿಗುವುದಿಲ್ಲ. ‘ಹೋದೆಯಾ?’ ಎನ್ನುವಾಗ ‘ಹೋದೆ’ ಹಾಗೇ ಉಳಿದು ಕೊನೆಗೊಂದು ‘ಆ’ ಸೇರುತ್ತದೆ. ಆದ್ದರಿಂದ ‘ಡಿಡ್ ಯು ವೆಂಟ್?’ ಎಂದು ಬಾಯಿಗೆ ಬರುವುದು ಸಹಜ, ಅದು ದಡ್ಡತನವಲ್ಲ. ಮೇಷ್ಟ್ರುಗಳು ಇಲ್ಲಿ ಇನ್ನಷ್ಟು ತಾಳ್ಮೆಯಿಂದ ಅಭ್ಯಾಸ ಮಾಡಿಸಬೇಕು.

ಒತ್ತಿ ಹೇಳುವುದಕ್ಕೂ ಇದು ಬರುತ್ತದೆ. ನೀನು ಹೋಗಲೇ ಇಲ್ಲ ಎಂದು ಯಾರಾದರೂ ವಾದಿಸಿದರೆ ‘ಐ ಡಿಡ್ ಗೋ’, ಹೋಗಿದ್ದೆ ಕಣಯ್ಯಾ, ಎನ್ನಬಹುದು.

ಇನ್ನೊಂದು ವಿಷಯ. ‘ಯಾರು ಬಂದರು?’ ಎಂದು ಕೇಳಲು ‘ಡಿಡ್’ ಬೇಡ. ಅಲ್ಲಿ ‘ಯಾರು’ ಎಂಬುದೇ ಕರ್ತೃ, ‘ಹೂ ಕೇಮ್?’ ಎಂದರಾಯಿತು. ‘ಯಾರನ್ನು ನೋಡಿದೆ?’ ಎನ್ನುವಾಗ ಕರ್ತೃ ‘ನೀನು’. ಆಗ ‘ಡಿಡ್’ ಮತ್ತೆ ಬೇಕು: ‘ಹೂ ಡಿಡ್ ಯು ಸೀ?’ ನಮಸ್ಕಾರ.