ಎದ್ದ ಎಷ್ಟು ನಿಮಿಷಕ್ಕೆ ಮೊದಲ ಬೀಡಿ?

ಕೇಳುಗರಿಗೆಲ್ಲ ನಮಸ್ಕಾರ.

ನಾನು ಚಟ ಬಿಡಿಸುವ ವೈದ್ಯ. ಬೀಡಿ, ಸಿಗರೇಟು ಬಿಡಬೇಕು ಅಂತ ಬಂದವರಿಗೆ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಬೆಳಿಗ್ಗೆ ಎದ್ದ ಎಷ್ಟು ನಿಮಿಷಕ್ಕೆ ಮೊದಲನೆಯದು ಹಚ್ಚುತ್ತೀರಿ?

ಒಬ್ಬ ಲಾರಿ ಡ್ರೈವರ್ ಬಂದಿದ್ದರು. ತೋರುಬೆರಳು, ನಡುಬೆರಳು ಎರಡೂ ಅರಿಶಿನ ಕಲಸಿದ ಹಾಗೆ ಹಳದಿಯಾಗಿದ್ದವು. "ಕಣ್ಣು ಬಿಡೋಕೆ ಮುಂಚೆ ಕೈ ದಿಂಬಿನ ಕೆಳಗೆ ಹೋಗುತ್ತೆ ಸಾರ್, ಬೆಂಕಿಪೊಟ್ಟಣ ಅಲ್ಲೇ ಇರುತ್ತೆ" ಅಂದರು. ಪಕ್ಕದಲ್ಲಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. "ಇವರ ಅಣ್ಣನೂ ಸೇದ್ತಾರೆ ಡಾಕ್ಟ್ರೇ. ಮದುವೆ ಮನೇಲಿ ಒಂದು, ಬಾಡೂಟ ಆದಮೇಲೆ ಒಂದು. ಬೇಡ ಅಂದ್ರೆ ತಿಂಗಳುಗಟ್ಟಲೆ ಮುಟ್ಟಲ್ಲ. ಇವರಿಗೆ ಮಾತ್ರ ಮನಸ್ಸು ಗಟ್ಟಿ ಇಲ್ಲ." ಅವರು ತಲೆ ತಗ್ಗಿಸಿದರು.

ಈ "ಮನಸ್ಸು ಗಟ್ಟಿ ಇಲ್ಲ" ಅನ್ನುವ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಕೇಳಿ ಕೇಳಿ ನನಗೆ ಸಾಕಾಗಿದೆ. ಅಣ್ಣನ ದೇಹ ಬೇರೆ, ತಮ್ಮನ ದೇಹ ಬೇರೆ. ಯಾರಿಗೆ ಬಿಡುವುದು ಕಷ್ಟವೋ ಅವರಿಗೆ ನೆರವು ಜಾಸ್ತಿ ಬೇಕು. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ.

ಒಂದು ದಮ್ಮು ಎಳೆದರೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್, ಅಂದರೆ ತಂಬಾಕಿನಲ್ಲಿ ಚಟ ಹಿಡಿಸುವ ವಸ್ತು, ಮಿದುಳಿಗೆ ಮುಟ್ಟುತ್ತದೆ. ಆಮೇಲೆ ಅದನ್ನು ಕರಗಿಸುವ ಕೆಲಸ ಲಿವರಿನದು. ಅಲ್ಲಿ ಸಿವೈಪಿ2ಎ6 ಅನ್ನುವ ಒಂದು ಕಿಣ್ವ ಇದೆ. ಅದು ಎಷ್ಟು ಚುರುಕು ಅನ್ನುವುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅಪ್ಪ ಅಮ್ಮನಿಂದ ಬಂದ ಜೀನ್. ನಿಧಾನದ ಲಿವರ್ ಇದ್ದವರಿಗೆ ಒಂದು ಸಿಗರೇಟು ತುಂಬಾ ಹೊತ್ತು ಬರುತ್ತದೆ. ಚುರುಕು ಲಿವರ್ ಇದ್ದವರಿಗೆ ಬೇಗ ಖಾಲಿ. ರಾತ್ರಿ ಮಲಗಿದ್ದಾಗಲೂ ಲಿವರ್ ಸುಮ್ನೆ ಕೂರುವುದಿಲ್ಲವಲ್ಲ, ಬೆಳಗಾಗುವಷ್ಟರಲ್ಲಿ ಬಹಳ ಮಟ್ಟಿಗೆ ತೊಳೆದು ಹಾಕಿರುತ್ತದೆ. ಕೈ ದಿಂಬಿನ ಕೆಳಗೆ ಹೋಗುವುದು ಅದಕ್ಕೇ.

ಇನ್ನೊಂದು ಜೀನ್ ಮಿದುಳಿನದು. ನಮ್ಮ 15ನೇ ಕ್ರೋಮೋಸೋಮಿನಲ್ಲಿದೆ, ಸಿಎಚ್‌ಆರ್‌ಎನ್‌ಎ5 ಅಂತ ಹೆಸರು. ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ಹೊಟ್ಟೆ ತುಂಬಿದರೆ ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ, ಅಲ್ವಾ? ನಿಕೋಟಿನ್ ಜಾಸ್ತಿಯಾದಾಗ ಹಾಗೆ "ಸಾಕು" ಅಂತ ಕೈ ಅಡ್ಡ ಹಿಡಿಯುವ ಜೀನ್ ಇದು. ಇದೇ ಇಲ್ಲದ ಇಲಿಗಳಿಗೆ ನಿಕೋಟಿನ್ ಕೊಟ್ಟು ನೋಡಿದರು. ಬೇರೆ ಇಲಿಗಳು ಬೇಡ ಅನ್ನುವಷ್ಟು ಪ್ರಮಾಣದಲ್ಲೂ ಅವು ಇನ್ನೂ ಬೇಕು ಅಂದವು. ಮನುಷ್ಯರಲ್ಲಿ ಕೆಲವರಿಗೆ ಈ ಜೀನ್‌ನ ದುರ್ಬಲ ರೂಪ ಬಂದಿರುತ್ತದೆ. ಅಂಥವರು ದಿನಕ್ಕೆ ಸರಾಸರಿ ಒಂದೆರಡು ಸಿಗರೇಟು ಜಾಸ್ತಿ ಸೇದುತ್ತಾರೆ ಅಂತ 2008ರಿಂದ ಈಚೆಗೆ ಗೊತ್ತಾಗಿದೆ.

ಇಷ್ಟು ಹೇಳಿದ ಕೂಡಲೇ ಒಬ್ಬರಾದರೂ ಕೇಳುತ್ತಾರೆ: "ಎಲ್ಲ ಜೀನ್ ಆದಮೇಲೆ ನನ್ನ ತಪ್ಪೇನು ಡಾಕ್ಟ್ರೇ, ಸೇದಿಕೊಂಡೇ ಇರ್ತೀನಿ." ಅವರಿಗೆ ನಾನು ಫಿಷರ್ ಕಥೆ ಹೇಳುತ್ತೇನೆ.

ರೊನಾಲ್ಡ್ ಫಿಷರ್ ಇಂಗ್ಲೆಂಡಿನವರು. ಸಂಖ್ಯಾಶಾಸ್ತ್ರದಲ್ಲಿ ಅವರಷ್ಟು ದೊಡ್ಡ ಹೆಸರು ಇನ್ನೊಂದಿಲ್ಲ, ತಳಿಶಾಸ್ತ್ರದಲ್ಲೂ ಪಂಡಿತರು. ಸದಾ ಪೈಪ್ ಸೇದುತ್ತಿದ್ದರು. 1950ರಲ್ಲಿ ಡಾಲ್ ಮತ್ತು ಹಿಲ್ ಅನ್ನುವ ಇಬ್ಬರು ಲಂಡನ್ನಿನ ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿ, ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ನಂಟು ಇದೆ ಅಂತ ತೋರಿಸಿದರು. ಫಿಷರ್ ಒಪ್ಪಲಿಲ್ಲ. 1957, 58ರಲ್ಲಿ ದೊಡ್ಡ ದೊಡ್ಡ ಪತ್ರಿಕೆಗಳಿಗೆ ಬರೆದರು. ಸೇದುವ ಆಸೆ ಹುಟ್ಟಿಸುವ ಜೀನೇ ಕ್ಯಾನ್ಸರನ್ನೂ ತರುತ್ತಿರಬಹುದು, ಪಾಪ ಸಿಗರೇಟಿನದೇನು ತಪ್ಪು ಅನ್ನುವುದು ಅವರ ವಾದ. ಜರ್ಮನಿಯ ಅವಳಿಗಳ ಲೆಕ್ಕವನ್ನೂ ಮುಂದಿಟ್ಟರು. ಅಚ್ಚು ಹೊಯ್ದಂಥ 51 ಜೋಡಿಯಲ್ಲಿ 33 ಜೋಡಿಯ ಸೇದುವ ಅಭ್ಯಾಸ ಒಂದೇ ಥರ ಇತ್ತು. ಆ ಹೊತ್ತಿಗೆ ಅವರು ತಂಬಾಕು ಕಂಪನಿಗಳ ಒಕ್ಕೂಟಕ್ಕೆ ಸಲಹೆಗಾರರೂ ಆಗಿದ್ದರು.

ಚಟಕ್ಕೆ ಜೀನ್ ಕಾರಣ ಅಂದರಲ್ಲ, ಅದು ಸರಿಯೇ. ಆಮೇಲಿನ ಅವಳಿ ಅಧ್ಯಯನಗಳ ಪ್ರಕಾರ ಒಬ್ಬರಿಗೂ ಇನ್ನೊಬ್ಬರಿಗೂ ಚಟದಲ್ಲಿ ಕಾಣುವ ವ್ಯತ್ಯಾಸದ ಸುಮಾರು ಅರ್ಧ ಜೀನ್‌ನಿಂದಲೇ ಬರುತ್ತದೆ. ಕ್ಯಾನ್ಸರಿನ ಮಾತು ಮಾತ್ರ ತಪ್ಪು. ಅದನ್ನು ಪರೀಕ್ಷೆ ಮಾಡಲು ಏನು ಬೇಕು ಹೇಳಿ? ಜೀನ್ ಎಲ್ಲ ಒಂದೇ ಇದ್ದು, ಒಬ್ಬ ಸೇದುವ, ಇನ್ನೊಬ್ಬ ಸೇದದ ಅವಳಿಗಳು. ಫಿನ್‌ಲೆಂಡಿನಲ್ಲಿ ಅಂಥ ಜೋಡಿಗಳನ್ನು ಹುಡುಕಿ, 12 ವರ್ಷ ಗಮನಿಸಿ, 1989ರಲ್ಲಿ ಪ್ರಕಟಿಸಿದರು. ಕ್ಯಾನ್ಸರ್ ಒಂದೇ ಅಲ್ಲ, ಯಾವ ಕಾರಣಕ್ಕಾದರೂ ಸರಿ, ಒಬ್ಬರಾದರೂ ತೀರಿಕೊಂಡ ಏಕರೂಪಿ ಜೋಡಿಗಳು 22. ಸೇದುತ್ತಿದ್ದವರೇ ಮೊದಲು ಹೋದದ್ದು 17 ಜೋಡಿಯಲ್ಲಿ. ಸೇದದವರು ಮೊದಲು ಹೋದದ್ದು 5ರಲ್ಲಿ. ಒಂದೇ ರಕ್ತ, ಒಂದೇ ಜೀನ್. ವ್ಯತ್ಯಾಸ ಮಾಡಿದ್ದು ಹೊಗೆ. ಈ ಲೆಕ್ಕ ನೋಡುವಷ್ಟು ಕಾಲ ಫಿಷರ್ ಬದುಕಿರಲಿಲ್ಲ, 1962ರಲ್ಲೇ ತೀರಿಕೊಂಡಿದ್ದರು.

ಈ ಕಥೆಗೆ ಕೂತರೆ ನನಗೆ ಗಡಿಯಾರ ಕಾಣುವುದಿಲ್ಲ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಜೀನ್ ಪರೀಕ್ಷೆ ಮಾಡಿಸಬೇಕಾ ಅಂತ ಕೇಳಬೇಡಿ, ಬೇಕಿಲ್ಲ. ಎದ್ದ ಅರ್ಧ ಗಂಟೆಯೊಳಗೆ ಹಚ್ಚುತ್ತೀರಾ? ಹಾಗಾದರೆ ನಿಮಗೆ ಕಷ್ಟ ಜಾಸ್ತಿ, ನೆರವೂ ಜಾಸ್ತಿ ಬೇಕು. ಬರೀ ಹರಕೆ, ಆಣೆ ಸಾಲದು. ನಿಕೋಟಿನ್ ಚೂಯಿಂಗ್ ಗಮ್ ಇದೆ, ಚರ್ಮಕ್ಕೆ ಅಂಟಿಸುವ ಪಟ್ಟಿ ಇದೆ, ಡಾಕ್ಟರು ಬರೆದುಕೊಡುವ ವ್ಯಾರೆನಿಕ್ಲಿನ್ ಮಾತ್ರೆ ಇದೆ. ನಿಧಾನದ ಲಿವರಿನವರಿಗೆ ಪಟ್ಟಿಯೇ ಸಾಕಾಗಬಹುದು, ಉಳಿದವರಿಗೆ ಮಾತ್ರೆ ಚೆನ್ನಾಗಿ ಹಿಡಿಯುತ್ತದೆ ಅಂತ 2015ರ ಒಂದು ಅಧ್ಯಯನ ತೋರಿಸಿದೆ. ಹೋದ ಸಲ ಬಿಟ್ಟು ಮತ್ತೆ ಶುರುವಾಯಿತೇ? ಈ ಸಲ ಬೇರೆ ಔಷಧಿ ನೋಡೋಣ.

ಮನೆಯವರಿಗೆ ಒಂದು ಮಾತು. ಅಮ್ಮಾ, ಅವರ ಅಣ್ಣನ ಉದಾಹರಣೆ ಕೊಡಬೇಡಿ. ಡಾಕ್ಟರ ಹತ್ತಿರ ಜೊತೆಗೆ ಬನ್ನಿ.

ಬರಲಾಗದಿದ್ದರೆ ತಂಬಾಕು ಬಿಡಲು ನೆರವಾಗುವ ಸಹಾಯವಾಣಿಗೆ ಫೋನ್ ಮಾಡಿ. ದುಡ್ಡಿಲ್ಲದ ಕರೆ, ಕನ್ನಡದಲ್ಲೇ ಮಾತಾಡಬಹುದು. ಸಂಖ್ಯೆ ಸಿಗರೇಟು ಪ್ಯಾಕಿನ ಮೇಲೇ ಅಚ್ಚಾಗಿದೆ: 1800-11-2356. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ. 1800-11-2356. ಅವರು ಕೇಳಿದಾಗ ಎದ್ದ ಎಷ್ಟು ನಿಮಿಷಕ್ಕೆ ಅನ್ನುವುದನ್ನು ಮುಚ್ಚಿಡದೆ ಹೇಳಿ.

ನಮಸ್ಕಾರ.