ಮಾಜಿ ಸೈನಿಕರೇ, ನಿಮ್ಮ ಮೆಡಿಕಲ್ ಬೋರ್ಡ್ ಕಾಗದ ಓದಿದ್ದೀರಾ?

ಎಲ್ಲರಿಗೂ ನಮಸ್ಕಾರ. ಸೈನ್ಯದಿಂದ ನಿವೃತ್ತರಾಗಿ ಊರು ಸೇರಿದವರು, ಅದರಲ್ಲೂ ದಿನಾ ತಿಂಡಿ ಆದಮೇಲೆ ಬಿಪಿ ಮಾತ್ರೆ ನುಂಗುವವರು, ಇವತ್ತಿನ ಮಾತು ನಿಮಗೆ. ಕೊಡಗು, ಹಾಸನ, ಬೆಳಗಾವಿ, ವಿಜಯಪುರ, ಎಲ್ಲಿಂದ ಕೇಳುತ್ತಿದ್ದರೂ ಮನೆಯವರನ್ನೂ ರೇಡಿಯೋ ಹತ್ತಿರ ಕರೆಯಿರಿ. ಟ್ರಂಕಿನಲ್ಲಿ ಯಾವ ಕಾಗದ ಎಲ್ಲಿದೆ ಅಂತ ಗೊತ್ತಿರುವುದು ಅವರಿಗೇ ಅಲ್ವಾ?

ಸೈನಿಕರ ಪಿಂಚಣಿ ಕೇಸು ನಡೆಸುವ ವಕೀಲನಾಗಿ ನಾನು ಹೇಳಬೇಕಾದ್ದು ಒಂದೇ ಮಾತು. ಸೇವೆಯಲ್ಲಿದ್ದಾಗಲೇ ಬಿಪಿ ಪತ್ತೆಯಾಗಿ ನಿಮ್ಮನ್ನು ಲೋ ಮೆಡಿಕಲ್ ಕೆಟಗರಿಗೆ, ಅಂದರೆ ಪೂರ್ತಿ ಆರೋಗ್ಯ ಇಲ್ಲದವರ ಪಟ್ಟಿಗೆ ಹಾಕಿದ್ದರೆ, ಬಿಡುಗಡೆಗೆ ಮುಂಚೆ ರಿಲೀಸ್ ಮೆಡಿಕಲ್ ಬೋರ್ಡ್, ಅಂದರೆ ನಿಮ್ಮನ್ನು ಪರೀಕ್ಷೆ ಮಾಡುವ ಸೈನ್ಯದ ಡಾಕ್ಟರುಗಳ ಮಂಡಳಿ ಕೂತಿರುತ್ತದೆ. ಆ ಬೋರ್ಡ್ ಬರೆದ ಕಾಗದ ತರಿಸಿಕೊಳ್ಳಿ, ಓದಿ. ಮಿಕ್ಕಿದ್ದೆಲ್ಲ ಆಮೇಲೆ.

ಆ ಕಾಗದದಲ್ಲಿ ಎರಡು ವಿಷಯ ನೋಡಬೇಕು. ಕಾಯಿಲೆಯಿಂದ ಅಂಗವೈಕಲ್ಯ ಶೇಕಡಾ ಎಷ್ಟು ಅನ್ನೋದು ಒಂದು, ಬಿಪಿಗೆ ಸಾಮಾನ್ಯವಾಗಿ ಶೇ. 30 ಅಂತ ಬರೆದಿರುತ್ತಾರೆ. ಇನ್ನೊಂದು, ಈ ಕಾಯಿಲೆ ಸೇವೆಯಿಂದ ಬಂತೇ, ಅಥವಾ ಸೇವೆಯಿಂದ ಹೆಚ್ಚಾಯಿತೇ ಅನ್ನೋದು. ಎರಡರಲ್ಲಿ ಒಂದಕ್ಕೆ ಹೌದು ಅಂತಿದ್ದು, ವೈಕಲ್ಯ ಶೇ. 20ಕ್ಕೆ ಕಡಿಮೆ ಇರದಿದ್ದರೆ, ಮಾಮೂಲಿ ಪಿಂಚಣಿಯ ಮೇಲೆ ಅಂಗವೈಕಲ್ಯದ ಹಣ ಬೇರೆ ಬರುತ್ತದೆ. ಎರಡಕ್ಕೂ ಇಲ್ಲ ಅಂತ ಬರೆದಿದ್ದರೆ ಏನೂ ಇಲ್ಲ. ಬಿಪಿ ಕೇಸುಗಳಲ್ಲಿ ಎಷ್ಟೋ ಸಲ ಎರಡಕ್ಕೂ ಇಲ್ಲ ಅಂತಲೇ ಇರುತ್ತದೆ.

"ಬಿಪಿ ಎಲ್ಲರಿಗೂ ಬರುತ್ತೆ ಸಾರ್, ಅದಕ್ಕೆಂಥ ಪಿಂಚಣಿ?" ಅಂತ ಸೈನಿಕರೇ ನನ್ನನ್ನು ಕೇಳುತ್ತಾರೆ. ಇದನ್ನು ಕೇಳಿದಾಗಲೆಲ್ಲ ನನಗೆ ತಡೆಯಲಾಗುವುದಿಲ್ಲ. ಗಾಳಿಯೇ ಸಾಲದ ಎತ್ತರದಲ್ಲಿ, ಮೂಳೆ ಕೊರೆಯುವ ಚಳಿಯಲ್ಲಿ, ರಾತ್ರಿ ಪಹರೆ ಮಾಡಿ, ಮನೆಯಲ್ಲಿ ಮಗುವಿಗೆ ಜ್ವರ ಅಂತ ಗೊತ್ತಿದ್ದೂ ರಜೆ ಸಿಗದೆ ಕೂತವರು ನೀವು. ಚಳಿ, ಆಮ್ಲಜನಕದ ಕೊರತೆ, ನಿದ್ದೆಗೇಡು, ಇವೆಲ್ಲ ರಕ್ತದೊತ್ತಡ ಏರಿಸುತ್ತವೆ ಅಂತ ಯಾವ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಸೈನ್ಯದ ಡಾಕ್ಟರುಗಳಿಗೆ ಅಂತಲೇ ಬರೆದ 2008ರ ಮಾರ್ಗಸೂಚಿಯಲ್ಲೂ, ಫೀಲ್ಡ್ ಏರಿಯಾದಲ್ಲಿ, ಎತ್ತರದ ಪ್ರದೇಶದಲ್ಲಿ, ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿ ಇದ್ದಾಗ ಬಂದ ಬಿಪಿಯನ್ನು ಸೇವೆಯಿಂದ ಹೆಚ್ಚಾದದ್ದು ಅಂತ ಪರಿಗಣಿಸಬೇಕು ಅಂತಿದೆ. ಹಾಗಾದರೆ ಬೋರ್ಡು ಇಲ್ಲ ಅನ್ನೋದು ಯಾಕೆ? ಅದಕ್ಕೊಬ್ಬರ ಕಥೆ ಹೇಳುತ್ತೇನೆ.

ಸೋಮವಾರಪೇಟೆ ಕಡೆಯ ಹವಾಲ್ದಾರರು. ಇಂಜಿನಿಯರ್ ರೆಜಿಮೆಂಟಿನಲ್ಲಿದ್ದವರು, ನಡುವೆ ಕಾಶ್ಮೀರದ ಕುಪ್ವಾರಾದಲ್ಲಿ, ಉಗ್ರರ ವಿರುದ್ಧ ಹೋರಾಡುವ ರಾಷ್ಟ್ರೀಯ ರೈಫಲ್ಸ್ ಜೊತೆಗೂ ಇದ್ದರು. ಪಿಂಚಣಿ ಬಂದು ವರ್ಷಗಳಾಗಿತ್ತು, ಕಾಫಿ ತೋಟ ನೋಡಿಕೊಂಡು ಆರಾಮಾಗಿದ್ದರು. ನನ್ನ ಹತ್ತಿರ ಬಂದದ್ದು ಬೇರೆ ಕೆಲಸಕ್ಕೆ, ಜಮೀನಿನ ಪೋಡಿ ವಿಷಯಕ್ಕೆ. ಮಾತಿನ ನಡುವೆ ಜೇಬಿನಿಂದ ಮಾತ್ರೆ ತೆಗೆದು ನುಂಗಿದರು. ಯಾವಾಗಿನಿಂದ ಅಂದೆ. "ಸರ್ವಿಸಿನಲ್ಲಿದ್ದಾಗಿನಿಂದ" ಅಂದರು. ಬೋರ್ಡಿನಲ್ಲಿ ಏನು ಬರೆದಿದ್ದಾರೆ ಅಂದೆ. "ಸೈನ್ ಮಾಡಿ ಅಂದರು, ಮಾಡಿದೆ, ಓದಲಿಲ್ಲ" ಅಂದರು.

ಆ ಕಾಗದ ತರಿಸಿದೆವು. ಪುಟಗಟ್ಟಲೆ ಇದೆ, ಎತ್ತರ, ತೂಕ, ಕಣ್ಣು, ಕಿವಿ ಎಲ್ಲ ತುಂಬಿಸಿದ್ದಾರೆ. ಕಾರಣ ಬರೆಯುವ ಕಡೆ ಒಂದೇ ಒಂದು ಸಾಲು: ಕಾಯಿಲೆ ಶಾಂತಿ ಪ್ರದೇಶದಲ್ಲಿ (ಅಂದರೆ ಗಡಿ, ಕಾರ್ಯಾಚರಣೆ ಇಲ್ಲದ ಕಡೆ) ಶುರುವಾಗಿದೆ, ಸೇವೆಗೆ ಸಂಬಂಧವಿಲ್ಲ. ಅಷ್ಟೇ.

ಶಾಂತಿ ಪ್ರದೇಶದಲ್ಲಿ ಅಂದರೆ ಯಾವಾಗ? ಕುಪ್ವಾರಾದಿಂದ ವಾಪಸ್ ಬಂದ ಎರಡನೇ ತಿಂಗಳಲ್ಲಿ, ವಾರ್ಷಿಕ ತಪಾಸಣೆಯ ದಿನ! ಬಿಪಿ ನೋವು ಕೊಟ್ಟು, ಕೂಗಿ ಬರುವ ಕಾಯಿಲೆ ಅಲ್ಲ. ಯಾರಾದರೂ ತೋಳಿಗೆ ಪಟ್ಟಿ ಸುತ್ತಿ ನೋಡಿದ ದಿನ ಗೊತ್ತಾಗುತ್ತದೆ. ಗೊತ್ತಾದ ದಿನವೇ ಶುರುವಾದ ದಿನ ಅಂತ ಬರೆದುಬಿಟ್ಟರೆ ಹೇಗೆ?

ಆಗ ಅವರ ಹೆಂಡತಿ ಒಂದು ಪ್ಲಾಸ್ಟಿಕ್ ಚೀಲ ತೆಗೆದುಕೊಂಡು ಬಂದರು. "ನೋಡಿ ಅಣ್ಣ, ಇವರದ್ದು ಏನೇನೋ ಚೀಟಿ ಇದೆ, ನಾನು ಬಿಸಾಡಲಿಲ್ಲ" ಅಂದರು. ಹಳೇ ರಜೆ ಚೀಟಿ, ಕ್ಯಾಂಟೀನ್ ಬಿಲ್ಲು, ಅದರ ನಡುವೆ ನಾಲ್ಕು ಮಡಿಕೆ ಮಾಡಿದ, ಅಂಚು ಹರಿದ ಒಂದು ಕಾಗದ. ಕುಪ್ವಾರಾದಲ್ಲಿದ್ದಾಗ ಎಂಐ ರೂಮಿನಲ್ಲಿ, ಅಂದರೆ ಘಟಕದ ಡಾಕ್ಟರ್ ಕೋಣೆಯಲ್ಲಿ ಕೊಟ್ಟ ಔಷಧದ ಚೀಟಿ. ತಲೆನೋವು, ತಲೆಸುತ್ತು, ಬಿಪಿ 150/100 ಅಂತ ಪೆನ್ನಿನಲ್ಲಿ ಬರೆದು, ಕೆಳಗೆ ತಾರೀಕು ಹಾಕಿದ್ದಾರೆ. ನಾನು ಕುರ್ಚಿಯಿಂದ ಎದ್ದು ನಿಂತೆ! ಆ ಅಮ್ಮನಿಗೆ ಕೈ ಮುಗಿದೆ. ಮೊದಲು ಅಪೀಲು ಹಾಕಿದೆವು, ತಿರಸ್ಕಾರವಾಯಿತು. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋದೆವು. ಕರ್ನಾಟಕದವರಿಗೆ ಅದರ ಪೀಠ ಕೊಚ್ಚಿಯಲ್ಲಿದೆ. ಅಲ್ಲಿ ಗೆದ್ದರು.

ಆ ಚೀಟಿ ಸಿಗದಿದ್ದರೂ ಕೇಸು ನಿಲ್ಲುತ್ತಿತ್ತು. ಯಾಕೆ ಅಂದರೆ 2013ರಲ್ಲಿ ಧರಮ್‌ವೀರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ದಾರಿ ಮಾಡಿಕೊಟ್ಟಿದೆ. ಅವರು 1985ರಲ್ಲಿ ಸೈನ್ಯದ ಸಂಪರ್ಕ ದಳವಾದ ಸಿಗ್ನಲ್ಸ್ ಸೇರಿದ ಸಿಪಾಯಿ, ಮೂರ್ಛೆ ಕಾಯಿಲೆ ಅಂತ ಮನೆಗೆ ಕಳಿಸಿದ್ದರು. ಕೋರ್ಟ್ ಹೇಳಿದ್ದು ಇಷ್ಟು: ಸೈನ್ಯಕ್ಕೆ ಸೇರುವಾಗ ಆ ಕಾಯಿಲೆ ಇತ್ತು ಅಂತ ದಾಖಲೆ ಇಲ್ಲದಿದ್ದರೆ, ಅದು ಸೇವೆಯಿಂದಲೇ ಬಂತು ಅಂತ ತಿಳಿಯಬೇಕು. ಅಲ್ಲ ಅಂತ ತೋರಿಸುವ ಹೊಣೆ ಸೈನ್ಯದ್ದು, ಹೌದು ಅಂತ ಸಾಬೀತು ಮಾಡುವ ಹೊಣೆ ಸೈನಿಕನದ್ದಲ್ಲ. ಬೋರ್ಡು ಸುಮ್ನೆ ಇಲ್ಲ ಅಂದರೆ ಸಾಲದು, ಕಾರಣ ಬರೆಯಬೇಕು. 2025ರಲ್ಲಿ ದೆಹಲಿ ಹೈಕೋರ್ಟ್ ಕೂಡ ಒಂದು ಸಕ್ಕರೆ ಕಾಯಿಲೆಯ ಕೇಸಿನಲ್ಲಿ, ಶಾಂತಿ ಪ್ರದೇಶದಲ್ಲಿ ಕಾಣಿಸಿಕೊಂಡಿತು ಅನ್ನೋದೊಂದೇ ಕಾರಣ ಆಗುವುದಿಲ್ಲ ಅಂದಿದೆ. ನಿಮ್ಮ ಕಾಗದದಲ್ಲಿ ಕಾರಣ ಇದೆಯೋ ಇಲ್ಲವೋ ಓದಿದರೆ ತಾನೇ ಗೊತ್ತಾಗುವುದು? ಅದಕ್ಕೇ ಓದಿ ಅನ್ನುತ್ತಿರುವುದು.

ಸಮಯ ಮುಗಿಯುತ್ತಾ ಬಂತು ಅಂತ ಕೈ ತೋರಿಸುತ್ತಿದ್ದಾರೆ, ಇನ್ನೆರಡು ಮಾತು ಬೇಗ ಹೇಳುತ್ತೇನೆ. ದುಡ್ಡಿನ ಲೆಕ್ಕ: ಶೇ. 30 ಇದ್ದರೂ ಅದನ್ನು ಏರಿಸಿ ಶೇ. 50 ಅಂತ ಹಿಡಿಯುತ್ತಾರೆ. ಈ ಲಾಭ ಅವಧಿ ಮುಗಿಸಿ ನಿವೃತ್ತರಾದವರಿಗೂ ಇದೆ ಅಂತ 2014ರ ರಾಮ್ ಅವತಾರ್ ಕೇಸಿನಲ್ಲಿ ತೀರ್ಮಾನವಾಯಿತು. ಶೇ. 100 ವೈಕಲ್ಯಕ್ಕೆ ಕೊನೆಯ ಸಂಬಳದ ಶೇ. 30 ಕೊಡುತ್ತಾರೆ, ಅಂದರೆ ಶೇ. 50ಕ್ಕೆ ಅದರ ಅರ್ಧ. 40,000 ರೂಪಾಯಿ ಸಂಬಳ ಇದ್ದವರಿಗೆ ತಿಂಗಳಿಗೆ 6,000, ಮೇಲೆ ತುಟ್ಟಿಭತ್ಯೆ. ಇದು ಭಿಕ್ಷೆ ಅಲ್ಲ, ನಿಮಗೆ ಸೇರಬೇಕಾದ ಹಣ.

ಇನ್ನೊಂದು, ತಡ ಮಾಡಬೇಡಿ. ತರ್ಸೇಮ್ ಸಿಂಗ್ ಅನ್ನುವವರು 1983ರಲ್ಲಿ ಸೇವೆಯಿಂದ ಹೊರಬಂದು 1999ರಲ್ಲಿ ಕೋರ್ಟಿಗೆ ಹೋದರು. 2008ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಕೊಟ್ಟದ್ದು ಅರ್ಜಿ ಹಾಕುವ ಹಿಂದಿನ ಮೂರು ವರ್ಷದ ಬಾಕಿ ಮಾತ್ರ. 2023ರ ಸೆಪ್ಟೆಂಬರ್ 21ರ ನಂತರ ನಿವೃತ್ತರಾದವರಿಗೆ ಹೊಸ ನಿಯಮ ಬಂದಿದೆ, ಅದು ಇನ್ನೂ ಬಿಗಿ. ಇನ್ನೂ ಸೇವೆಯಲ್ಲಿರುವವರಂತೂ ಮನೆಗೆ ಬಂದಮೇಲೆ ಓದೋಣ ಅಂತ ಬಿಡದೆ, ಸೈನ್ ಮಾಡುವ ಮೊದಲೇ ಓದಿ.

ಕಾಗದ ಇಲ್ಲದವರು ಒಂದು ಬಿಳಿ ಹಾಳೆಯಲ್ಲಿ ನಿಮ್ಮ ಆರ್ಮಿ ನಂಬರ್, ರ‍್ಯಾಂಕ್, ಹೆಸರು, ಬಿಡುಗಡೆಯಾದ ತಾರೀಕು ಬರೆಯಿರಿ. ನನ್ನ ರಿಲೀಸ್ ಮೆಡಿಕಲ್ ಬೋರ್ಡಿನ ಪೂರ್ತಿ ಪ್ರತಿ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ, ನಿಮ್ಮ ಸೇವಾ ದಾಖಲೆ ಇಟ್ಟಿರುವ ರೆಕಾರ್ಡ್ ಆಫೀಸಿಗೆ ಸ್ಪೀಡ್ ಪೋಸ್ಟ್ ಮಾಡಿ. ಬರೆಯಲು ಕಷ್ಟ ಅನ್ನಿಸಿದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ, ಅಲ್ಲಿ ಸಹಾಯ ಕೇಳಿ. ಪೋಸ್ಟ್ ಮಾಡಿದ ರಸೀದಿ ಮಾತ್ರ ಮನೆಯವರ ಕೈಗೇ ಕೊಡಿ. ನಮಸ್ಕಾರ.