ಒಂದೇ ಪುಸ್ತಕಕ್ಕೆ ದುಡ್ಡಿದ್ರೆ

ಕೇಳುಗರಿಗೆಲ್ಲ ನಮಸ್ಕಾರ. ಶಂಕರಘಟ್ಟದಲ್ಲಿ ಎಂ.ಎ. ಓದ್ತಿರೋ ನಮ್ಮ ಕಡೆ ಹುಡುಗಿಯೊಬ್ಬಳು ಕೇಳಿದ್ಲು, ಹವಾಮಾನ ಕೆಟ್ಟು ಊರು ಬಿಡೋರ ಬಗ್ಗೆ ಒಂದು ಪುಸ್ತಕ, ಪರಿಸರ ನೋಡ್ಕೊಂಡು ಊರು ಕಟ್ಟೋದರ ಬಗ್ಗೆ ಇನ್ನೊಂದು, ಎರಡೂ ಇಂಗ್ಲಿಷು, ಎರಡೂ ಸಾವಿರಾರು ರೂಪಾಯಿ, ಇರೋ ದುಡ್ಡಿಗೆ ಒಂದೇ ಬರೋದು, ಯಾವುದು ತಗೊಳ್ಳಲಿ ಸರ್ ಅಂತ.

ಮುನ್ನುಡಿ ಬಿಡಮ್ಮ, ಅದ್ರಲ್ಲಿ ಎಲ್ರೂ ಚೆನ್ನಾಗೇ ಬರ್ದಿರ್ತಾರೆ. ಊರು ಬಿಡೋರ ಪುಸ್ತಕ ಆದ್ರೆ ಅಂಕಿ ಹೆಂಗೆ ಬಳಸಿದ್ದಾರೆ ನೋಡು. 2050ರ ಹೊತ್ತಿಗೆ 21.6 ಕೋಟಿ ಜನ ಅಂತ ವಿಶ್ವಬ್ಯಾಂಕ್ 2021ರಲ್ಲಿ ಹೇಳ್ತಲ್ಲ, ಅದು ತೀರಾ ಕೆಟ್ಟರೆ ಇಷ್ಟಾಗಬಹುದು ಅನ್ನೋ ಲೆಕ್ಕ, ಅದೂ ತಮ್ಮ ತಮ್ಮ ದೇಶದೊಳಗೇ ಗುಳೆ ಹೋಗೋರದ್ದು. ಇದನ್ನ ಹೇಳದೆ ಬರೀ ಅಂಕಿ ಹಾಕಿ ಹೆದರಿಸೋ ಪುಸ್ತಕ ವಾಪಸ್ ಇಡು. ಕಿರಿಬಾಸ್ ದ್ವೀಪದ ಟೈಟಿಯೋಟಾ ಕೇಸ್ ಇದೆಯಾ ಅದನ್ನೂ ನೋಡು. ಸಮುದ್ರ ಏರ್ತಿದೆ, ವಾಪಸ್ ಕಳಿಸ್ಬೇಡಿ ಅಂತ ನ್ಯೂಜಿಲೆಂಡ್ ಕೋರ್ಟಿಗೆ ಹೋಗಿ ಸೋತ ಮನುಷ್ಯ, ಯಾಕಂದ್ರೆ 1951ರ ನಿರಾಶ್ರಿತರ ಒಪ್ಪಂದ ಇರೋದು ಕಿರುಕುಳಕ್ಕೆ ಹೆದರಿ ಓಡಿ ಬಂದೋರಿಗೆ, ನೀರಿಗೆ ಹೆದರಿದೋರಿಗಲ್ಲ.

ಆದ್ರೆ ನನ್ನ ಕೇಳಿದ್ರೆ ಮಲೆನಾಡೋರು ಮೊದ್ಲು ತಗೋಬೇಕಾಗಿದ್ದು ಎರಡನೇದು. 2018ರಲ್ಲಿ ಕೊಡಗಲ್ಲಿ ಗುಡ್ಡ ಕುಸಿದಿದ್ದು ನೋಡಿದ್ವಿ, 2024ರಲ್ಲಿ ವಯನಾಡಲ್ಲಿ. ಇಲ್ಲೂ ಜೆಸಿಬಿ ತಂದು ಗುಡ್ಡ ನೆಟ್ಟಗೆ ಕಡಿದು, ಹಿತ್ಲಲ್ಲಿ ಎರಡಾಳೆತ್ತರದ ಧರೆ ನಿಲ್ಸಿ, ಅದ್ರ ಬುಡಕ್ಕೇ ಆರ್‌ಸಿಸಿ ಮನೆ ಕಟ್ತೀವಿ, ಆಷಾಢದ ಮಳೆ ಶುರುವಾದ್ರೆ ಮನೆಯೋರು ರಾತ್ರಿ ಹಿಂದಿನ ಕೋಣೆಲಿ ಮಲಗಲ್ಲ. ಇಳಿಜಾರು, ಮಣ್ಣು, ನೀರಿನ ದಾರಿ ಒಂದೊಂದನ್ನೂ ಬೇರೆ ಬೇರೆ ತೆಳು ಹಾಳೆ ಮೇಲೆ ಬರೆದು ಒಂದರ ಮೇಲೊಂದು ಇಟ್ಟು ಎಲ್ಲಿ ಕಟ್ಟಬಾರದು ನೋಡೋ ಪದ್ಧತಿನ ಅಮೆರಿಕದಲ್ಲಿ ಊರು-ಭೂಮಿ ಯೋಜನೆ ಮಾಡ್ತಿದ್ದ ಇಯಾನ್ ಮ್ಯಾಕ್‌ಹಾರ್ಗ್ 1969ರಲ್ಲೇ ವಿವರಿಸಿದ್ದ. ಇವತ್ತು ಕಂಪ್ಯೂಟರಲ್ಲಿ ಮಾಡೋ ಜಿಐಎಸ್ ಮ್ಯಾಪಿನ ಮೂಲ ವಿಚಾರಾನೂ ಅದೇ.

ಒಂದೇ ಷರತ್ತು, ಆ ಹಾಳೆಗಳಲ್ಲಿ ಜನರದ್ದೂ ಒಂದು ಹಾಳೆ ಇರ್ಬೇಕು. ಇಲ್ಲಿ ಕಟ್ಟಬೇಡಿ ಅಂತ ಬಣ್ಣ ಬಳಿಯೋದು ಸುಲಭ, ಆಮೇಲೆ ಅಲ್ಲಿದ್ದೋರು ಎಲ್ಲಿಗೆ ಹೋಗ್ಬೇಕು? ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆಗಿದ್ದು 1964ರಲ್ಲಿ. ಅದು ಹವಾಮಾನದ್ದಲ್ಲ, ಕರೆಂಟಿಗೆ ಆದ ಮುಳುಗಡೆ, ಒಪ್ತೀನಿ, ಆದ್ರೂ ಅವತ್ತು ಎಬ್ಬಿಸಿ ಕಾಡಂಚಿಗೆ ತಂದು ಬಿಟ್ಟ ಕುಟುಂಬಗಳ ಮೊಮ್ಮಕ್ಕಳು ಹಕ್ಕುಪತ್ರಕ್ಕೆ ಇನ್ನೂ ಓಡಾಡ್ತಿದ್ದಾರೆ. ಪಶ್ಚಿಮ ಘಟ್ಟ ಉಳಿಸೋಕೆ ಅಂತ ಗಾಡ್ಗೀಳ್ ಸಮಿತಿ 2011ರಲ್ಲಿ ಕೊಟ್ಟ ವರದಿ ಹೊರಗೆ ಬಂದಾಗ ನಮ್ಮೋರು ಓದೋ ಮುಂಚೇನೇ ಬೆಚ್ಚಿದ್ದು ಸುಮ್ನೆ ಅಲ್ಲ. ಎಬ್ಬಿಸಿದೋರ ಮುಂದಿನ ಕಥೆಗೆ ಒಂದು ಅಧ್ಯಾಯನಾದ್ರೂ ಇಲ್ದಿರೋ ಯೋಜನೆ ಪುಸ್ತಕಕ್ಕೆ ದುಡ್ಡು ಹಾಕ್ಬೇಡ.

ಇನ್ನೊಂದನ್ನ ಲೈಬ್ರರಿಗೆ ತರಿಸೋಕೆ ಅರ್ಜಿ ಕೊಡು. ಹತ್ತಾರು ಜನ ಬರೆದ ಸಂಪುಟ ಆಗಿದ್ರೆ ನಿಂಗೆ ಬೇಕಾಗೋದು ಒಂದೋ ಎರಡೋ ಲೇಖನ, ಬರೆದೋರಿಗೇ ಮೇಲ್ ಹಾಕು, ಸುಮಾರು ಜನ ಪಿಡಿಎಫ್ ಕಳಿಸಿಬಿಡ್ತಾರೆ.